ಊರಲ್ಲಿ ವಾಸವಿಲ್ಲ

ಬಾಗಿಲು ಬಾಗಿಲಿಗೂ ಜಾಲಿಮುಳ್ಳಿನ ಕಂಟಿ ಅಡ್ಡ ಇಟ್ಟಿದ್ದರು. ಇಡೀ ಓಣಿಯೇ ಹೀಗಿತ್ತು. ಯಾದಗಿರಿಯ ಕಚೇರಿಯಲ್ಲಿ ಎರಡು ವರ್ಷ ಕಡತಗಳ ನಡುವೆ ಕೂತಿದ್ದವಳು, ಗ್ರಾಮ ಆಡಳಿತ ಅಧಿಕಾರಿಯಾಗಿ ಕಕ್ಕೇರಾದ ಆಚೆಯ ಈ ಹಳ್ಳಿಗೆ ಬಂದ ಮೊದಲ ವಾರ ಅದು. ನಮ್ಮ ಯಳಂದೂರಿನ ಕಡೆ ಮುಳ್ಳು ಹಾಕುವುದು ಹೊಲದ ಬೇಲಿಗೆ. ಮನೆಗೆ ಹಾಕಿದ್ದಾರೆಂದರೆ ಆ ಮನೆಯ ಕಥೆ ಮುಗಿಯಿತೆಂದೇ ನಾನು ತಿಳಿದೆ.

ಯಾದಗಿರಿ ಎಂದರೆ ನೀವೆಲ್ಲ ಬಿಸಿಲು ಎನ್ನುತ್ತೀರಿ. ಬಿಸಿಲಿಗೇನೂ ಬರವಿಲ್ಲ. ಆದರೆ ಕೃಷ್ಣೆಯೂ ಇದ್ದಾಳೆ, ಭೀಮೆಯೂ ಇದ್ದಾಳೆ. ಶಹಾಪುರದ ಸುತ್ತ ಕಾಲುವೆ ನೀರಿನ ಭತ್ತ ನೋಡಿದರೆ ಮಂಡ್ಯಕ್ಕೇ ಬಂದೆನೇನೋ ಅನ್ನಿಸುತ್ತದೆ. ಆ ನೀರು ಹತ್ತದ ದಿಬ್ಬದ ಊರಿನವರು ಹೊಲದ ಕೆಲಸ ಮುಗಿದೊಡನೆ ಗುಳೆ ಹೋಗುತ್ತಾರೆ. ಪುಣೆಯಲ್ಲೋ ಹೈದರಾಬಾದಿನಲ್ಲೋ ಕಟ್ಟಡ ಕಟ್ಟಿ, ಬಿತ್ತುವ ಹೊತ್ತಿಗೆ ಮರಳುತ್ತಾರೆ. ಆಗ ಇದೊಂದೂ ಗೊತ್ತಿರಲಿಲ್ಲ. ನನಗೆ ಗೊತ್ತಿದ್ದದ್ದು ನಮೂನೆ ತುಂಬುವುದು ಮಾತ್ರ.

ಆ ಓಣಿಯ ನಿಂಗಮ್ಮ ಎಂಬ ಹುಡುಗಿ ನರ್ಸಿಂಗ್ ಸೀಟಿಗಾಗಿ ಮುನ್ನೂರ ಎಪ್ಪತ್ತೊಂದು ಜೆ ಪ್ರಮಾಣಪತ್ರಕ್ಕೆ ಅರ್ಜಿ ಹಾಕಿದ್ದಳು. ಈ ಭಾಗದ ನಿವಾಸಿಗಳಿಗೆ ಓದಿನಲ್ಲಿ, ನೌಕರಿಯಲ್ಲಿ ಮೀಸಲಾತಿ ಸಿಗುವುದು ಆ ಕಾಗದದಿಂದ. ಮನೆ ನೋಡಿ ವರದಿ ಕೊಡುವುದು ನನ್ನ ಕೆಲಸ. ಮುಳ್ಳು ನೋಡಿದೆ, ‘ಊರಲ್ಲಿ ವಾಸವಿಲ್ಲ’ ಎಂದು ಬರೆದೆ. ಅರ್ಜಿ ತಿರಸ್ಕೃತವಾಯಿತು.

ಸುದ್ದಿ ಮುಟ್ಟಿ ನಿಂಗಮ್ಮ ತನ್ನ ಅಜ್ಜಿಯೊಂದಿಗೆ ಪುಣೆಯಿಂದ ಓಡಿ ಬಂದಳು. ಸೀಟು ಸೇರಲು ನಾಲ್ಕೇ ದಿನ ಉಳಿದಿತ್ತು. ಹುಡುಗಿ ತಿರಸ್ಕಾರದ ಕಾಗದವನ್ನು ನನ್ನ ಮುಂದಿಟ್ಟಳು. ಅಜ್ಜಿ ಬಾಯಿ ಬಿಟ್ಟಳು.

“ಕಂಟಿ ಯಾಕ ಇಡತಾರ ಗೊತ್ತೇನ್ರಿ ಅಕ್ಕಾರ? ನಾಯಿ, ಹಂದಿ ಒಳಗ ಹೋಗಬಾರ್ದಂತ. ಊರು ಬಿಟ್ಟು ಹೋಗಾವ್ರು ಮನಿ ಯಾಕ ಕಾಯತಾರ್ರಿ? ಬಾಗಲಾ ಕಿತ್ತಿ ಮಾರಿ ಹೋಗತಾರ!”

ನಾಚಿಕೆಯಿಂದ ನೆಲ ನೋಡಿದೆ. ತಪ್ಪು ಒಪ್ಪಿ ಮರುವರದಿ ಬರೆದೆ, ಮೇಲಿನವರಿಂದ ಚೆನ್ನಾಗಿ ಬೈಸಿಕೊಂಡೆ. ಮರುದಿನ ಅಜ್ಜಿ, ಮೊಮ್ಮಗಳ ಜೊತೆಗೇ ಬಸ್ಸು ಹತ್ತಿದೆ. ಸುರಪುರ, ಶಹಾಪುರ ದಾಟಿ ಪ್ರಮಾಣಪತ್ರ ಕೊಡುವ ಯಾದಗಿರಿಯ ಉಪವಿಭಾಗ ಕಚೇರಿ ಸೇರುವಷ್ಟರಲ್ಲಿ ಅರ್ಧ ದಿನ ಹೋಯಿತು. ನಕಾಶೆಯಲ್ಲಿ ಅದು ಗೇಣುದ್ದವೂ ಇಲ್ಲ. ದಾರಿಯಲ್ಲಿ ಅಜ್ಜಿ ಬುತ್ತಿ ಬಿಚ್ಚಿ ಒಣಗಿಸಿದ ಜೋಳದ ಕಟಕ್ ರೊಟ್ಟಿ, ಶೇಂಗಾ ಹಿಂಡಿ ಎಂಬ ಚಟ್ನಿಪುಡಿ ಕೊಟ್ಟಳು. ಮುದ್ದೆ ನುಂಗಿ ಬೆಳೆದವಳು ನಾನು, ಅಗಿದೂ ಅಗಿದೂ ದವಡೆ ನೋಯಿತು. ಬೇಡವೆನ್ನುವ ಮುಖವಿರಲಿಲ್ಲ.

ಮೂರನೆಯ ದಿನ ಪ್ರಮಾಣಪತ್ರ ಕೈಗೆ ಬಂತು. ನಿಂಗಮ್ಮ ಅದನ್ನು ಎದೆಗೊತ್ತಿಕೊಂಡು ಅತ್ತಳು. ನನಗೂ ತಡೆಯಲಾಗಲಿಲ್ಲ.

ಬಸ್ ನಿಲ್ದಾಣದಲ್ಲಿ ಅಜ್ಜಿ ಮೆಲ್ಲಗೆ ಕೇಳಿದಳು: “ನೀವೂ ದುಡಿಯಾಕ ಬಂದಾವ್ರ ಅಲ್ರಿ? ನಿಮ್ಮೂರಾಗ ನಿಮ್ಮ ಹೆಸರು ಐತೇನ್ರಿ?”

“ಇಲ್ಲದೆ ಏನಜ್ಜಿ!” ಎಂದು ನಕ್ಕೆ.

ಆದರೂ ಸಂಜೆ ತಮ್ಮನಿಗೆ ಫೋನು ಮಾಡಿ, ಮತದಾರರ ಪಟ್ಟಿಯಲ್ಲಿ ನನ್ನ ಹೆಸರು ಇದೆಯಾ ಎಂದು ಕೇಳಿದೆ.

“ಹೋದ ತಿಂಗ್ಳೇ ಮನೆ ಮನೆಗೆ ಬಂದಿದ್ರು ಕಣಕ್ಕ. ನೀನು ಊರಲ್ಲಿ ಇಲ್ವಲ್ಲ, ತೆಗೀರಿ ಅಂದ್ಬುಟ್ಟೆ. ಯಾಕೆ, ಬೇಕಾಗಿತ್ತಾ?”

ಅವನ ಮೇಲೆ ಸಿಟ್ಟು ಬರಲಿಲ್ಲ, ಸಂಕಟವಾಯಿತು. ಊಟ ಆಯ್ತಾ ಎಂದು ಕೇಳಿದೆ.