ಶಿಗೆಯೊ ಅವರ ಇಪ್ಪತ್ತೊಂಬತ್ತು

ಜಪಾನಿನ ನಮ್ಮೂರ ಪ್ರಾಥಮಿಕ ಶಾಲೆಯ ಮುಂದೆ ಇಪ್ಪತ್ಮೂರು ವರ್ಷದಿಂದ ಹಳದಿ ಬಾವುಟ ಹಿಡಿದು ಮಕ್ಕಳನ್ನು ರಸ್ತೆ ದಾಟಿಸುತ್ತಿರುವವರು ಹೊಸೋಯಾ ಶಿಗೆಯೊ. ಗಂಡ ತೀರಿಕೊಂಡ ವರ್ಷ ಹಿಡಿದ ಬಾವುಟ. ಒಮ್ಮೆ ಮೇಯರ್ ಕಾರನ್ನೇ ನಿಲ್ಲಿಸಿ, "ಅಷ್ಟು ಆತುರ ಇದ್ರೆ ಐದು ನಿಮಿಷ ಮುಂಚೆ ಏಳ್ಬೇಕಿತ್ತು" ಎಂದಿದ್ದರಂತೆ. ಮೂರು ಹೊತ್ತೂ ಹುದುಗಿಸಿದ ಸೋಯಾದ ಉಪ್ಪುಪ್ಪು ಮಿಸೊ ಸಾರು, ತಾವೇ ಉಪ್ಪಿನಲ್ಲಿ ಊರಿಸಿಟ್ಟ ಮೂಲಂಗಿ. ಬೇರೆ ಚಪಲವಿಲ್ಲ.

ನಾನು ಪುರಸಭೆಯ ಆರೋಗ್ಯ ವಿಭಾಗದ ಗುಮಾಸ್ತ. ವಾರ್ಷಿಕ ತಪಾಸಣೆಯ ಅಂಕಿಗಳನ್ನು ಕಂಪ್ಯೂಟರಿಗೆ ತುಂಬುವವನು. ಈ ವರ್ಷ ಹೊಸ ತಂತ್ರಾಂಶ ಬಂದಿದೆ. ಅದು ಲಕ್ಷಾಂತರ ಜನರ ಅಂಕಿಗಳಿಂದ ಒಂದು ಸರಾಸರಿ ಹೊರಡಿಸಿ, ನಿಮ್ಮನ್ನು ನಿಮ್ಮ ವಯಸ್ಸಿನವರ ಪಕ್ಕ ನಿಲ್ಲಿಸಿ, ಆರು ಮೂಲೆಯ ಚಿತ್ರ ಬಿಡಿಸುತ್ತದೆ. ರಕ್ತದೊತ್ತಡ, ಸಕ್ಕರೆ, ಯಕೃತ್ತು, ಮೂತ್ರಪಿಂಡ, ಕಾಲಿನ ಬಲ, ನೆನಪು, ಒಂದೊಂದಕ್ಕೂ ಒಂದು ಮೂಲೆ. ಆರೋಗ್ಯ ಚೆನ್ನಾಗಿದ್ದಷ್ಟೂ ಮೂಲೆ ಹೊರಗೆ ಚಾಚುತ್ತದೆ. ಕೆಳಗೆ "ದೇಹದ ವಯಸ್ಸು" ಅಂತ ಒಂದು ಅಂಕಿ. ನನ್ನ ಚಿತ್ರ ಕಾಲಡಿ ಸಿಕ್ಕ ಅನ್ನದುಂಡೆಯಂತಿತ್ತು. ವಯಸ್ಸು ಐವತ್ತು, ದೇಹಕ್ಕೆ ಅರವತ್ತೊಂದು.

ಬಾವುಟ ಹಿಡಿಯುವವರ ದೇಹದ ವಯಸ್ಸು ಎಪ್ಪತ್ತೈದು ದಾಟಬಾರದು ಎಂಬ ನಿಯಮವೂ ಇದೇ ವರ್ಷ ಬಂತು. ಶಿಗೆಯೊ ಅವರ ಹಾಳೆ ಬಂದಾಗ ಚಿತ್ರ ಕಾಗದದ ಅಂಚಿಗೆ ತಾಗುವಂತಿತ್ತು. ಊರಲ್ಲೇ ಅಂಥದ್ದು ಇನ್ನೊಂದಿರಲಿಲ್ಲ. ಕೆಳಗಿನ ಅಂಕಿ ಮಾತ್ರ ಎಂಬತ್ಮೂರು.

ಬಾವುಟ ವಾಪಸು ಕೇಳುವ ಪುಣ್ಯದ ಕೆಲಸ ನನ್ನ ಪಾಲಿಗೇ ಬಂತು. ಅವರನ್ನು ಕಚೇರಿಗೆ ಕರೆಸಿದೆ.

"ಇಷ್ಟು ಚೆಂದದ ಚಿತ್ರ ಕೊಟ್ಟು ಬಾವುಟ ಕಿತ್ಕೊಳ್ತೀಯೇನೋ ಕಾಜಿತಾನಿ?"

"ನಿಮ್ಮ ವಯಸ್ಸಿಗೆ ಇದು ಪವಾಡ ಶಿಗೆಯೊಸಾನ್. ಆದ್ರೆ ನಿಯಮ..."

"ಬಾವುಟ ಇಲ್ದೆ ಬೆಳಿಗ್ಗೆ ಏಳೂವರೆಗೆ ನಾನೇನ್ ಮಾಡ್ಲಿ? ಟಿವಿಯವ್ರಿಗೆ ಕೈ ತೋರಿಸ್ಲಾ?" ಅವರು ಹಾಳೆಯನ್ನು ಕಣ್ಣಿನ ಹತ್ತಿರ ತಂದುಕೊಂಡರು. "ವಯಸ್ಸು ತೊಂಬತ್ತಾರಂತೆ! ಯಾರಿಗೋ ತೊಂಬತ್ತಾರು? ನಮ್ಮತ್ತೆಗಾ?"

ನಾನು ಅವರ ಅರ್ಜಿ ತೆಗೆದು ನೋಡಿದೆ. ನಮ್ಮಲ್ಲಿ ಹುಟ್ಟಿದ ವರ್ಷವನ್ನು ಚಕ್ರವರ್ತಿಯ ಆಳ್ವಿಕೆಯ ಲೆಕ್ಕದಲ್ಲಿ ಬರೆಯುವ ರೂಢಿ. ಅವರು ಅರ್ಜಿಯಲ್ಲಿ ಬರೆದದ್ದು ಶೋವಾ 29, ಅಂದರೆ ಶೋವಾ ಚಕ್ರವರ್ತಿಯ ಇಪ್ಪತ್ತೊಂಬತ್ತನೇ ವರ್ಷ, 1954. ಹೊಸ ತಂತ್ರಾಂಶ ಕೇಳುವುದು ಇಸವಿಯ ಕೊನೆಯ ಎರಡಂಕಿ. ನಾನು ಕಣ್ಮುಚ್ಚಿ 29 ಒತ್ತಿದ್ದೆ. ಅದು 1929 ಎಂದುಕೊಂಡು ಎಪ್ಪತ್ತೊಂದರ ಹೆಂಗಸನ್ನು ತೊಂಬತ್ತಾರರ ಮುದುಕಿಯರ ಸಾಲಲ್ಲಿ ನಿಲ್ಲಿಸಿತ್ತು. ತೊಂಬತ್ತು ದಾಟಿದವರು ಬೀದಿಗಿಬ್ಬರಿರುವ ಊರಲ್ಲಿ ಯಾರಿಗೂ ಅನುಮಾನ ಬಂದಿರಲಿಲ್ಲ.

ತಲೆ ಬಗ್ಗಿಸಿ ಕ್ಷಮೆ ಕೇಳಿ, ತಿದ್ದಿ, ಮತ್ತೆ ಒತ್ತಿದೆ. ಚಿತ್ರ ಕುಗ್ಗಿತು. ರಕ್ತದೊತ್ತಡದ ಮೂಲೆಯಂತೂ ಇಲಿ ಕಡಿದಂತಾಯಿತು. ಶಿಗೆಯೊ ಬಗ್ಗಿ ಕೆಳಗಿನ ಅಂಕಿ ನೋಡಿದರು.

ಎಪ್ಪತ್ನಾಲ್ಕು.

"ಒಂದೇ ವರ್ಷದ ಅಂತರದಲ್ಲಿ ಪಾರಾದೆ," ಎಂದರು. ಆಮೇಲೆ ಕಡಿದ ಮೂಲೆಗೆ ಬೆರಳಿಟ್ಟು, "ಇದು ಮೂಲಂಗೀದು ತಾನೆ?"

"ಸಾರಿನದೂ ಇದೆ."

"ಸರಿ, ಸಾರು ಒಂದೇ ಹೊತ್ತು. ಮೂಲಂಗಿ ವಿಷ್ಯ ಯೋಚಿಸ್ತೀನಿ." ಹೊರಡುವ ಮುನ್ನ ಅವರಿಗೊಂದು ಕುತೂಹಲ. "ನಿನ್ನ ಶೋವಾ ಎಷ್ಟು?"

"ಐವತ್ತು."

"ನಿನ್ನದನ್ನೂ ನನ್ನ ಹಾಗೇ ಒತ್ತು, ನೋಡೋಣ."

ಒತ್ತಿದೆ. 1950, ವಯಸ್ಸು ಎಪ್ಪತ್ತೈದು. ನನ್ನ ಅನ್ನದುಂಡೆ ಅರಳಿ ಹೂವಾಯಿತು. ಅವರು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು. ತಮ್ಮ ತೊಂಬತ್ತಾರರ ಹಾಳೆಯನ್ನು ಮಾತ್ರ ವಾಪಸು ಕೊಡಲಿಲ್ಲ. ಅದೀಗ ಅವರ ಅಡುಗೆಮನೆಯ ಗೋಡೆಯ ಮೇಲಿದೆಯಂತೆ.

ಮರುದಿನ ಬೆಳಿಗ್ಗೆ ಶಾಲೆಯ ಮುಂದೆ ನಾನು ರಸ್ತೆಗೆ ಕಾಲಿಡುವಷ್ಟರಲ್ಲಿ ಹಳದಿ ಬಾವುಟ ಎದೆಗೆ ಅಡ್ಡ ಬಂತು.

"ರಸ್ತೆ ಖಾಲಿ ಇದೆಯಲ್ಲ ಶಿಗೆಯೊಸಾನ್!"

"ಎಪ್ಪತ್ತೈದರ ಮುದುಕನ್ನ ಒಬ್ಬನೇ ದಾಟೋಕೆ ಬಿಡಲ್ಲಪ್ಪ," ಎಂದು ನನ್ನ ತೋಳು ಹಿಡಿದರು. ಮಕ್ಕಳೆಲ್ಲ ನೋಡುತ್ತಿದ್ದಂತೆ ಆಚೆ ಬದಿಯವರೆಗೂ ದಾಟಿಸಿ ಬಿಟ್ಟರು.