ಇಬ್ಬರ ಅಳತೆಯ ಕುದುರೆ

ಹಂಸಭಾವಿಯ ಅಂಬರೀಶ ಬಾಡಿಗೆ ಟೆಂಪೋ ಓಡಿಸುತ್ತಾನೆ. ಗಾಡಿ ಹಗಲೆಲ್ಲ ಗೋವಿನಜೋಳದ ಚೀಲ ಹೊತ್ತು ಹಿರೇಕೆರೂರಿನ ದಾರಿಯಲ್ಲೇ ಇರುತ್ತದೆ. ಮನೆ ಪಕ್ಕದ ತಗಡಿನ ಶೆಡ್ಡು ಸಂಜೆತನಕ ಖಾಲಿ. ಅವನ ಹೆಂಡತಿ ನೀಲಾಂಬಿಕಾಳ ಕಣ್ಣು ಮದುವೆಯಾದಾಗಿನಿಂದ ಆ ಶೆಡ್ಡಿನ ಮೇಲಿತ್ತು. ಮಗಳು ಶಾಲೆಗೆ ಹೋಗತೊಡಗಿದ ಮೇಲೆ ಬಾಯಿಬಿಟ್ಟಳು.

"ಹಗಲೊತ್ತು ಶೆಡ್ಡು ನನಗ ಕೊಡ್ರಿ. ಬಡಿಗತನ ಮತ್ತ ಶುರು ಮಾಡ್ತೇನಿ."

ಅಂಬರೀಶ ರೊಟ್ಟಿ ಮುರಿಯುವುದನ್ನು ನಿಲ್ಲಿಸಿ ಅವಳನ್ನೇ ನೋಡಿದ. "ಮಾಡು. ಸಂಜಿಕ ನಾ ಬರೋದ್ರಾಗ ಎಲ್ಲಾ ತಗದಿರಬೇಕ ನೋಡು."

ಹಾಗಾಗಿ ಭಾರದ ಮೇಜು ಅಲ್ಲಿ ನಡೆಯದು. ಎತ್ತಿ ಮೂಲೆಗಿಡಲು ಬರುವ, ನಾಲ್ಕು ಕಾಲಿನ ಆಸರೆಯಾದ ಕಟ್ಟಿಗೆಯ ಕುದುರೆಗಳೇ ಬೇಕು. ಎರಡನ್ನು ಎದುರುಬದುರು ನಿಲ್ಲಿಸಿ ಮೇಲೆ ಹಲಗೆ ಹಾಕಿದರೆ ಕೊಯ್ಯಲೂ ಬಂತು, ರಂದಾ ಹೊಡೆದು ನುಣುಪು ಮಾಡಲೂ ಬಂತು.

ಈ ಕೆಲಸ ಅವಳು ಕಲಿತದ್ದು ಹಾನಗಲ್ಲಿನ ಒಂದು ತರಬೇತಿ ಕೇಂದ್ರದಲ್ಲಿ. ಅಲ್ಲಿದ್ದ ಹುಡುಗಿಯರು ಇಬ್ಬರೇ: ಮಾಸೂರಿನ ನೀಲಾಂಬಿಕಾ, ಸವಣೂರಿನ ಸುಮಯ್ಯ. ಇವಳು ಗಿಡ್ಡಿ, ಅವಳು ಉದ್ದ. ಇಬ್ಬರಿಗೂ ಕೂಡಿ ಒಂದೇ ಜೋಡಿ ಕುದುರೆ. ಜಗಳಾಡಿ ಜಗಳಾಡಿ ಕಡೆಗೆ ನಡುವಿನ ಎತ್ತರಕ್ಕೆ ಒಪ್ಪಿದ್ದರು. ಸುಮಯ್ಯ ಬಗ್ಗುತ್ತಿದ್ದಳು, ಇವಳು ಹಿಮ್ಮಡಿ ಎತ್ತುತ್ತಿದ್ದಳು. ಹಾನಗಲ್ಲಿನಲ್ಲೇ ಅಂಗಡಿ ಹಾಕುವುದು, ಅದರ ಬಾಗಿಲಿಗೆ ಯಾವ ಬಣ್ಣ ಹಚ್ಚುವುದು ಎಲ್ಲ ಮಾತಾಗಿತ್ತು. ಅಷ್ಟರಲ್ಲಿ ಸುಮಯ್ಯಳ ಮದುವೆಯಾಯಿತು, ಹಿಂದೆಯೇ ಇವಳದೂ. ಮೊದಮೊದಲು ಹಬ್ಬಕ್ಕೆ ಫೋನು ಬರುತ್ತಿತ್ತು. ಆಮೇಲೆ ಅದೂ ತಪ್ಪಿತು.

ಕೆಡವಿದ ಮನೆಯೊಂದರ ಜಂತಿ ತರಿಸಿ, ಕಚ್ಚು ಹೊಡೆದು, ಕಾಲು ಓರೆಯಾಗಿ ಕೂಡಿಸಿ ನೀಲಾಂಬಿಕಾ ಕುದುರೆ ನಿಲ್ಲಿಸಿದಳು. ಎತ್ತರದ ಗುರುತು ಹಾಕುವಾಗ ಕೈ ತಾನಾಗಿ ಆ ಹಳೇ ಅಳತೆಗೇ ಹೋಯಿತು. ಅವಳು ತಿದ್ದಲಿಲ್ಲ.

ರಂದಾ ಹೊಡೆಯುವುದನ್ನು ನೋಡುತ್ತ ಕೂತ ಅತ್ತೆ ಭರಮವ್ವ, "ಹೆಗಲು ಕಿವಿಗೆ ಹತ್ತಾಕತ್ತಾವಲ್ಲ ಯವ್ವಾ, ಕಾಲು ಗಿಡ್ಡ ಮಾಡು" ಅಂದಳು.

"ಇರ್ಲಿ ಬಿಡ್ರಿ ಅತ್ತಿ, ರೂಢಿ ಐತಿ."

ತೋಳು ಸೋತು ಬರುತ್ತಿತ್ತು. ಆದರೂ ಬಿಡಲಿಲ್ಲ. ಕುದುರೆಗಳ ಫೋಟೋ ತೆಗೆದು ಸುಮಯ್ಯಳಿಗೆ ಕಳಿಸಿದಳು. "ಐತವಾರ ಬರ್ತೇನಿ" ಎಂದು ಉತ್ತರ ಬಂತು.

ಭಾನುವಾರ ಬಂದವಳು ನೇರ ಶೆಡ್ಡಿಗೇ ಹೋಗಿ ಕುದುರೆಯ ಬೆನ್ನ ಮೇಲೆ ಅಂಗೈ ಇಟ್ಟಳು. "ನಮ್ಮ ಅಳತಿ ಅಲ್ಲೇನ?"

"ಹ್ಞೂಂ. ನೀ ಬಂದ್ರ ಬೇಕಾಗತೈತಿ ಅಂತ."

ಇಬ್ಬರೂ ಒಂದು ಹಲಗೆಗೆ ರಂದಾ ಹೊಡೆದರು, ಹಳೇ ಮಾಸ್ತರರ ಮಾತು ತೆಗೆದು ನಕ್ಕರು, ಭರಮವ್ವ ಕೊಟ್ಟ ಮಿರ್ಚಿ ಭಜಿ ತಿಂದರು. ಆಮೇಲೆ ಸುಮಯ್ಯ ಮೆಲ್ಲಗೆ ಹೇಳಿದಳು:

"ನೀಲಾ, ನಾ ಹೊಲಿಗಿ ಅಂಗಡಿ ಹಾಕೇನಿ. ನಾಕ ಹೆಣ್ಮಕ್ಕಳು ನನ್ನ ಕೂಡ ದುಡೀತಾರ. ಅದ ನನಗ ಹಿಡಿಸೇತಿ. ಇದಕ್ಕ ನಾ ಮತ್ತ ಬರಂಗಿಲ್ಲ."

ನೀಲಾಂಬಿಕಾ ಬಗ್ಗಿ ನೆಲದ ಮೇಲಿನ ಕಟ್ಟಿಗೆ ಸಿಪ್ಪೆ ಬಳಿಯತೊಡಗಿದಳು.

"ನೆಟ್ಟಗ ನಿಂದ್ರ." ಸುಮಯ್ಯ ಅವಳ ಸೊಂಟದ ಮಟ್ಟ ನೋಡಿ ಕುದುರೆಯ ಕಾಲುಗಳಿಗೆ ಪೆನ್ಸಿಲ್ ಗೀರಿದಳು. "ಗರಗಸ ಕೊಡು."

"ನಾ ಕೊಯ್ಯಂಗಿಲ್ಲ."

"ನಾ ಕೊಯ್ತೇನಿ. ನೀ ಹಿಡಿ."

ಹಿಡಿದಳು. ಎಷ್ಟು ಬಿಗಿಯಾಗಿ ಅಂದರೆ, "ಸಡಲ ಬಿಡಽ, ಗರಗಸ ಸಿಗಬೀಳ್ತೈತಿ" ಎಂದು ಸುಮಯ್ಯ ಗದರಬೇಕಾಯಿತು. ಎಲ್ಲ ಕಾಲು ಮುಗಿಯುವತನಕ ಇಬ್ಬರೂ ಮುಖ ಎತ್ತಲಿಲ್ಲ. ಸುಮಯ್ಯ ಮಧ್ಯಾಹ್ನದ ಹಾವೇರಿ ಬಸ್ಸಿಗೆ ಹತ್ತಿದಳು.

ಈಗ ನೀಲಾಂಬಿಕಾಳ ಹೆಗಲು ನೋಯುವುದಿಲ್ಲ. ಕಿಟಕಿ, ಮಂಚ ಮಾಡಿಸಲು ಹಿರೇಕೆರೂರಿನಿಂದಲೂ ಜನ ಬರುತ್ತಾರೆ. ಉದ್ದ ಹಲಗೆ ಕೊಯ್ಯುವಾಗ ಅದು ಅಲುಗದಂತೆ ಆಚೆ ತುದಿಗೆ ಕಲ್ಲು ಹೇರುತ್ತಾಳೆ. "ನಾ ಹಿಡೀತೇನಿ ತಾ" ಎಂದು ಭರಮವ್ವ ಎದ್ದು ಬರುತ್ತಾಳೆ. ಒಮ್ಮೊಮ್ಮೆ ನೀಲಾಂಬಿಕಾ ಬ್ಯಾಡ ಅನ್ನುತ್ತಾಳೆ. ಒಮ್ಮೊಮ್ಮೆ ಕಲ್ಲು ತೆಗೆದು ಆ ತುದಿ ಬಿಟ್ಟುಕೊಡುತ್ತಾಳೆ.