ಸೆರಗಿನಲ್ಲಿ ಒಂದು ಶಾರ್ಕ್

ಮದುವೆ ಸೀರೆಯ ಮೇಲೆ ಶಾರ್ಕ್ ನೋಡಿದ್ದೀರಾ? ನಾನು ನೋಡಿದೆ. ಕಳೆದ ವಾರ, ಚಳ್ಳಕೆರೆಯಲ್ಲಿ.

ರಾಂಪುರದಲ್ಲಿರುವ ನನ್ನ ಅಣ್ಣನ ಮಗಳು ಶೈಲಾಗೆ ಗೊತ್ತುಮಾಡಿದ ಹುಡುಗ ಸರಕು ಹಡಗಿನಲ್ಲಿ ಇಂಜಿನಿಯರ್. (ನಮ್ಮ ಕಡೆ ಸಮುದ್ರ ಕಂಡವರೇ ಕಡಿಮೆ. ಅದರ ಮೇಲೆ ಸಂಬಳ ಎಣಿಸುವವನು ಇವನೊಬ್ಬನೇ ಇರಬೇಕು.) ಮದುವೆಯಾದ ತಿಂಗಳಿಗೇ ಹಡಗು ಹತ್ತುತ್ತಾನೆ. ತಿರುಗಿ ಬರುವುದು ಯಾವಾಗ? ಮನೆಯಲ್ಲಿ ಯಾರೂ ಬಾಯಿಬಿಟ್ಟು ಕೇಳಲಿಲ್ಲ. ಎಲ್ಲರ ಭಯ ಮಾತ್ರ ಅದೇ.

ಮದುವೆಗೆ ಮುಂಚೆ ಸೀರೆ ನೇಯಿಸಲು ಮೊಳಕಾಲ್ಮೂರಿಗೆ ಹೋದೆವು. ಶೈಲಾ ಪತ್ರಿಕೆಯಿಂದ ಕತ್ತರಿಸಿಟ್ಟ ಚಿತ್ರವೊಂದನ್ನು ತೆಗೆದಳು. ಸೆರಗಿಗೆ ಹಂಸ ಬೇಡವಂತೆ, ಆಲ್ಬಟ್ರಾಸ್ ಬೇಕಂತೆ!

"ಇದು ಬಾತುಕೋಳಿ ಅಲ್ವೇನಮ್ಮಾ?" ನೇಕಾರ ಓಬಳೇಶಪ್ಪ ಕನ್ನಡಕ ಏರಿಸಿದರು.

"ಅಲ್ಲರೀ, ಕಡಲಹಕ್ಕಿ. ತಿಂಗಳುಗಟ್ಟಲೆ ನೀರಿನ ಮೇಲೇ ಹಾರ್ತೈತೆ. ಆದ್ರೂ ಅದೇ ದ್ವೀಪಕ್ಕೆ, ಅದೇ ಜೋಡಿ ಹತ್ರ ವಾಪಸ್ ಬರ್ತೈತೆ."

ಕೇಬಲ್ ಟಿವಿಯಲ್ಲಿ ಕಂಡದ್ದನ್ನು ನಾನೂ ಹೇಳಿದೆ. ಮರಿಗಳು ಹಾರಲು ಕಲಿಯುವ ಕಾಲಕ್ಕೆ ಸರಿಯಾಗಿ ಟೈಗರ್ ಶಾರ್ಕ್ ಎಂಬ ದೈತ್ಯ ಮೀನೂ ಆ ದ್ವೀಪಕ್ಕೆ ಬರುತ್ತದೆ. ನೀರಿಗೆ ಬಿದ್ದ ಮರಿಗಳನ್ನು ನುಂಗುತ್ತದೆ.

"ಬಿಡ್ತು ಅನ್ನಪ್ಪಾ! ಮದುವೆ ಸೀರೆ ಮುಂದೆ ಇದೇನು ಮಾತು? ಆ ಹಕ್ಕೀನೇ ಬ್ಯಾಡ." ಅತ್ತಿಗೆ ಎದ್ದೇ ನಿಂತರು.

ಶಾರ್ಕ್ ಮಾಡಿದ ತಪ್ಪೇನು ಹೇಳಿ? ಅದೂ ದೂರದಿಂದ ಬರುತ್ತದೆ. ಅದೂ ಕಾಲ ತಪ್ಪಿಸುವುದಿಲ್ಲ. ಹಕ್ಕಿ ಬಂದರೆ ನಿಷ್ಠೆ, ಶಾರ್ಕ್ ಬಂದರೆ ಕೇಡೇ? ಹಸಿವಿಗೂ ನೆನಪಿರಬಾರದೇ?

"ಹಂಗಾದ್ರೆ ಎರಡೂ ಹಾಕ್ರಿ," ಎಂದಳು ಶೈಲಾ. "ಅವರು ಹೋಗೋ ನೀರಲ್ಲಿ ಎರಡೂ ಇರ್ತಾವಲ್ಲ."

(ಅವ್ವನನ್ನು ರೇಗಿಸಲು ಹಾಗೆ ಹೇಳಿದೆ ಎಂದು ಈಗ ನಗುತ್ತಾಳೆ. ನನ್ನ ನೆನಪಿನಲ್ಲಿ ಅವಳ ದನಿ ನಡುಗಿತ್ತು. ನೆನಪು ಇಂಥ ಜರಿಯನ್ನು ತಾನೇ ಸೇರಿಸಿಕೊಳ್ಳುತ್ತದೆ, ನಂಬಬೇಡಿ.)

ಓಬಳೇಶಪ್ಪ ಶಾರ್ಕಿನ ನಕ್ಷೆ ಬರೆಯಲು ಗ್ರಾಫ್ ಹಾಳೆ ಎಳೆದುಕೊಂಡರು. "ಇಷ್ಟು ಸಣ್ಣ ಹಲ್ಲು ಎಳೇಲಿ ಕೂರಲ್ಲಮ್ಮಾ."

"ಹಲ್ಲು ಬ್ಯಾಡ ಬಿಡ್ರಿ."

ಮದುವೆ ದಿನ ಚಳ್ಳಕೆರೆಯಲ್ಲಿ ಹೆಂಗಸರೆಲ್ಲ ಸೆರಗು ಹಿಡಿದು ನೋಡಿದರು. ಹಂಸ ಚೆಂದ ಐತೆ, ಮೀನು ಶುಭ ಎಂದರು. ಅತ್ತಿಗೆ ಗಂಭೀರವಾಗಿ ತಲೆಯಾಡಿಸಿದರು! ಗುರುತು ಹಿಡಿದವನು ಮದುಮಗ ಒಬ್ಬನೇ. ಸೆರಗಿನತ್ತ ಬಗ್ಗಿ ಮೆಲ್ಲಗೆ ಕೇಳಿದ: "ಶಾರ್ಕಿಗೆ ಹಲ್ಲೇ ಇಲ್ವಲ್ಲ?"

"ಹೇಳಿದ ದಿನಕ್ಕೆ ಬರದೇ ಇರ್ರಿ, ಹಾಕಿಸ್ತೀನಿ."

ಇಂಥ ಬೆದರಿಕೆ ಹಾಕಿ ಕಳಿಸಿದರೆ ಯಾವ ಹಕ್ಕಿ ತಾನೇ ದಾರಿ ತಪ್ಪೀತು?